ಕೂಸು ಕಾಯುವ ಕೈಗೂ ನ್ಯಾಯವಾದ ಕೂಲಿ

(ದಾವಣಗೆರೆಯ ಕಾರ್ಮಿಕರ ಓಣಿಯೊಂದರಲ್ಲಿ ಭಾನುವಾರ ಸಂಜೆ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ತುಟ್ಟಿಭತ್ಯೆಯ ಮಾತು ಆಡುವುದಕ್ಕೆ ನಾವು ಈ ಓಣಿಗೆ ಅನೇಕ ಸಲ ಬಂದಿದ್ದೇವೆ. ಇಂದು ಬಂದಿರುವುದು ಬೇರೊಂದು ಕೂಲಿಯ ಮಾತಿಗೆ. ಇದು ಮಾಲೀಕ ನಮಗೆ ಕೊಡುವ ಕೂಲಿಯಲ್ಲ. ನಾವು ಕೆಲಸಕ್ಕೆ ಹೋದಾಗ ನಮ್ಮ ಕೂಸುಗಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡುವ ನೆರೆಮನೆಯ ಹೆಂಗಸಿಗೆ ನಾವೇ ಕೊಡುವ ಕೂಲಿ. ಅದು ಎಷ್ಟಿರಬೇಕು, ಯಾವ ಲೆಕ್ಕದಿಂದ ಇರಬೇಕು ಎಂಬುದನ್ನು ಇಂದು ತೀರ್ಮಾನಿಸಬೇಕಾಗಿದೆ.

ಹೋದ ತಿಂಗಳು ಇಲ್ಲಿ ನಡೆದದ್ದನ್ನು ಎಲ್ಲರೂ ಬಲ್ಲಿರಿ. ಆದರೂ ಒಮ್ಮೆ ಹೇಳುತ್ತೇವೆ. ಈ ಓಣಿಯ ಒಬ್ಬ ತಾಯಿ ಒಂದೇ ಖೋಲಿಯ ಮನೆಯಲ್ಲಿ ಒಂಬತ್ತು ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಒಂದಕ್ಕೆ ಹಾಲು ಕಾಯಿಸುತ್ತಿರುವಾಗ ಇನ್ನೊಂದು, ಎರಡು ವರ್ಷದ್ದು, ಬಾಗಿಲ ಅಗುಳಿ ಸರಿಸಿಕೊಂಡು ಹೊರಕ್ಕೆ ಹೋಯಿತು. ಮುಕ್ಕಾಲು ತಾಸು ಓಣಿಯೆಲ್ಲ ಹುಡುಕಿತು. ಕೊನೆಗೆ ದೊಡ್ಡ ಚರಂಡಿಯ ಅಂಚಿನಲ್ಲಿ ಕೂತು ಕಲ್ಲು ಎಸೆಯುತ್ತಿದ್ದ ಕೂಸನ್ನು ಚಹದಂಗಡಿಯ ಹುಡುಗ ಎತ್ತಿಕೊಂಡು ಬಂದ. ಕೂಸಿಗೆ ಏನೂ ಆಗಲಿಲ್ಲ. ಆದರೆ ಆ ಸಂಜೆ ಆ ತಾಯಿಯ ಬಾಗಿಲಲ್ಲಿ ನಿಂತು ನಾವೆಲ್ಲ ಆಡಿದ ಮಾತುಗಳು ಆಡಬಾರದ ಮಾತುಗಳು. ಮರುದಿನದಿಂದ ಆಕೆ ಕೂಸು ನೋಡುವುದನ್ನು ಬಿಟ್ಟರು. ಸೋಮವಾರ ಐದು ಮಂದಿ ಹೆಣ್ಣುಮಕ್ಕಳಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಗುರುವಾರದ ಹೊತ್ತಿಗೆ ಅವರಲ್ಲಿ ಇಬ್ಬರ ಹೆಸರು ಹಾಜರಿ ಪಟ್ಟಿಯಿಂದ ಹೋಗಿತ್ತು. ಆಕೆ ಮಾಡುತ್ತಿದ್ದುದು ಎಂಥ ಕೆಲಸ, ಅದರ ಮೇಲೆ ಎಷ್ಟು ಮನೆಗಳ ಒಲೆ ನಿಂತಿತ್ತು ಎಂಬುದು ಆಗ ತಿಳಿಯಿತು.

ಒಂದೇ ಖೋಲಿಯಲ್ಲಿ ಒಂಬತ್ತು ಕೂಸು ಏಕೆ ಇಟ್ಟುಕೊಂಡಿರಿ ಎಂದು ನಾವು ಕೇಳಿದೆವು. “ನಾಕು ಕೂಸು ಇಟ್ಕೊಂಡ್ರೆ ನನ್ನ ಹೊಟ್ಟಿಗೆ ಸಾಲ್ತದೇನ್ರೀ ಮಾಸ್ತರ್ರೇ?” ಎಂದು ಅವರು ಕೇಳಿದರು. ಲೆಕ್ಕ ಹಾಕಿ ನೋಡಿದೆವು. ಕೂಸಿಗೆ ತಿಂಗಳಿಗೆ 1000 ರೂಪಾಯಿ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ 10 ತಾಸು, ತಿಂಗಳಿಗೆ 26 ದಿನ. ಒಂದು ಕೂಸಿಗೆ ತಾಸಿಗೆ ನಾಲ್ಕು ರೂಪಾಯಿಯೂ ಬೀಳುವುದಿಲ್ಲ. ನಾಲ್ಕು ಕೂಸು ಇಟ್ಟುಕೊಂಡರೆ ದಿನಕ್ಕೆ 154 ರೂಪಾಯಿ ಆಗುತ್ತದೆ. ಅದರಲ್ಲೇ ಗಂಜಿ, ಸಾಬೂನು, ಗ್ಯಾಸು ಎಲ್ಲ ಬರಬೇಕು. ಹಾಗಾಗಿ ಐದನೆಯದು ಬಂತು, ಆರನೆಯದು ಬಂತು, ಒಂಬತ್ತನೆಯದೂ ಬಂತು. ಕಡಿಮೆ ದರವೇ ಕೂಸುಗಳನ್ನು ಒಂದೆಡೆ ತುಂಬಿತು. ತುಂಬಿದ ಮನೆಯಲ್ಲಿ ಕಣ್ಣು ತಪ್ಪಿತು. ಅಗುಳಿ ಸರಿಸಿದ್ದು ಕೂಸಿನ ಕೈ ನಿಜ. ಆದರೆ ಬಾಗಿಲು ತೆರೆದದ್ದು ನಾವು ಕೊಟ್ಟ ಆ ಸಾವಿರ ರೂಪಾಯಿ.

ಇಲ್ಲಿ ನಮ್ಮದೂ ಒಂದು ತಪ್ಪೊಪ್ಪಿಗೆ ಇದೆ. ನಮ್ಮ ಮನೆಯ ಕೂಸೂ ಅಲ್ಲಿಯೇ ಇತ್ತು. ಕರೆತರಬೇಕಾದವರು ನಾವು. ವಾರಕ್ಕೆ ಎರಡು ದಿನ ಸಂಘದ ಸಭೆ ಮುಗಿಸಿ ಏಳೂವರೆಗೆ ಹೋಗುತ್ತಿದ್ದೆವು. ಹೆಚ್ಚುವರಿ ತಾಸಿಗೆ ಇಮ್ಮಡಿ ಕೂಲಿ ಬೇಕು ಎಂದು ಸಭೆಯಲ್ಲಿ ಮೇಜು ಕುಟ್ಟಿ ಬಂದವರು, ಆ ತಾಯಿಯ ಹೆಚ್ಚುವರಿ ತಾಸಿಗೆ ಒಂದು ಪೈಸೆಯನ್ನೂ ಕೊಡಲಿಲ್ಲ. “ಸ್ವಲ್ಪ ತಡವಾಯ್ತಕ್ಕಾ” ಎಂದು ನಕ್ಕು ಬಂದೆವು. ಮಾಲೀಕನೂ ನಮ್ಮೊಡನೆ ಹೀಗೆಯೇ ನಗುತ್ತಾನಲ್ಲವೇ?

ಕೆಲವರು ಹೇಳುತ್ತಾರೆ: ಇದು ಅಕ್ಕತಂಗಿಯರ ವಿಶ್ವಾಸದ ಕೆಲಸ, ಪ್ರೀತಿಗೆ ದರ ಕಟ್ಟಬಹುದೇ ಎಂದು. ನಾವು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಅಕ್ಷರ ಕಲಿಸಿದ್ದಕ್ಕೆ ತಿಂಗಳು ತಿಂಗಳು ಸಂಬಳ ಎಣಿಸಿಕೊಂಡೆವು. ಅದರಿಂದ ಮಕ್ಕಳ ಮೇಲಿನ ಅಕ್ಕರೆ ಕಡಿಮೆಯಾಗಲಿಲ್ಲ. ಸಂಬಳ ತಡವಾದ ತಿಂಗಳು ಮಾತ್ರ ತರಗತಿಯಲ್ಲಿ ಸಿಡುಕುತ್ತಿದ್ದೆವು. ದರ ಕಟ್ಟುವುದು ದುಡಿತಕ್ಕೆ. ಪ್ರೀತಿ ಅದರ ಮೇಲೆ ಬರುತ್ತದೆ. ದುಡಿತಕ್ಕೆ ಕೊಡದವನಿಗೆ ಪ್ರೀತಿ ಕೇಳುವ ಬಾಯಿ ಇರಕೂಡದು.

ಇನ್ನೊಂದು ಮಾತನ್ನೂ ಆ ಕಾಲದಲ್ಲಿಯೇ ಕಲಿತೆವು. ನಾಲ್ಕನೆಯ ಇಯತ್ತೆಯ ಹಾಜರಿ ಕರೆಯುವಾಗ ಕೆಲವು ಹುಡುಗಿಯರ ಹೆಸರಿಗೆ ವಾರಗಟ್ಟಲೆ ಉತ್ತರ ಬರುತ್ತಿರಲಿಲ್ಲ. ಮನೆಗೆ ಹೋಗಿ ನೋಡಿದರೆ ಹುಡುಗಿಯ ಸೊಂಟದ ಮೇಲೆ ತಮ್ಮನಿರುತ್ತಿದ್ದ, ಅವ್ವ ಮಂಡಕ್ಕಿ ಭಟ್ಟಿಗೆ ಹೋಗಿರುತ್ತಿದ್ದಳು. ಕೂಸು ನೋಡುವುದಕ್ಕೆ ದುಡ್ಡು ಕೊಡದಿದ್ದರೆ ಅದು ಪುಕ್ಕಟೆ ಆಗುವುದಿಲ್ಲ. ಅದರ ಬೆಲೆಯನ್ನು ಒಂಬತ್ತು ವರ್ಷದ ಹುಡುಗಿ ತನ್ನ ಪಾಟಿ ಪುಸ್ತಕದಿಂದ ತೆರುತ್ತಾಳೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳೆಲ್ಲ ಶಾಲೆಯಲ್ಲಿರಬೇಕೆಂದಿತು. ಅವಳ ಸೊಂಟದ ಮೇಲಿನ ಕೂಸನ್ನು ಯಾರು ಇಳಿಸಿಕೊಳ್ಳಬೇಕು ಎಂಬುದನ್ನು ನಾವೇ ಹೇಳಬೇಕಾಗಿದೆ.

ಈಗ ದರಕ್ಕೆ ಬರೋಣ. ಅಂಗಡಿಯ ಮಿತ್ರರು ನಮಗಿಂತ ಚೆನ್ನಾಗಿ ಬಲ್ಲರು: ಅಸಲಿಗಿಂತ ಕಡಿಮೆಗೆ ಮಾರಿದರೆ ಅಂಗಡಿ ಉಳಿಯದು, ಉಳಿಸಲು ಹೊರಟರೆ ತೂಕದಲ್ಲಿ ಮೋಸ ಮಾಡಬೇಕಾಗುತ್ತದೆ. ಆದುದರಿಂದ ಮೊದಲು ಅಳತೆ ಸರಿಯಾಗಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಮೂಲದಲ್ಲಿದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರವಲ್ಲವೇ? ನಮ್ಮ ಕೊಳಗ ಇದಾಗಿರಲಿ: ಕೂಸು ಬಿಟ್ಟುಹೋಗುವ ತಾಯಿಯ ಒಂದು ದಿನದ ದುಡಿತ, ಕೂಸು ನೋಡುವ ತಾಯಿಯ ಒಂದು ದಿನದ ದುಡಿತ, ಎರಡೂ ಸಮ.

ಲೆಕ್ಕಕ್ಕೆ ಸುಲಭವಾಗಲೆಂದು ದಿನಗೂಲಿ 500 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬ ಹೆಂಗಸು ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಹುದಾದ ಸಣ್ಣ ಕೂಸುಗಳು ನಾಲ್ಕು. 500ನ್ನು ನಾಲ್ಕರಿಂದ ಭಾಗಿಸಿದರೆ ಕೂಸಿಗೆ ದಿನಕ್ಕೆ 125. ಗಂಜಿ, ಸಾಬೂನು, ಗ್ಯಾಸಿಗೆ 25 ಸೇರಿಸಿದರೆ 150. ತಿಂಗಳಿಗೆ 3900. ಕೂಲಿ 300 ಇರುವ ಕಡೆ ಇದೇ ಲೆಕ್ಕದಿಂದ ದಿನಕ್ಕೆ 100 ಆಗುತ್ತದೆ. ಪಗಾರ ಏರಿದ ದಿನ ಈ ದರವೂ ಏರಬೇಕು.

3900 ಎಂದ ಕೂಡಲೇ ಮುಂದಿನ ಸಾಲಿನ ತಾಯಂದಿರ ಮುಖ ಬಾಡಿದ್ದು ನಮಗೆ ಕಾಣುತ್ತಿದೆ. ನ್ಯಾಯ. ತಿಂಗಳಿಗೆ 13,000 ದುಡಿಯುವಾಕೆ 3900 ಕೊಟ್ಟರೆ ರೂಪಾಯಿಗೆ 30 ಪೈಸೆ ಹೋಯಿತು. ಎರಡು ಕೂಸಿದ್ದರೆ 60 ಪೈಸೆ. ನೋಡುವವಳಿಗೆ ನ್ಯಾಯವಾದ ದರ ಬಿಡುವವಳಿಗೆ ಭಾರ. ಬಿಡುವವಳಿಗೆ ಹಗುರವಾದ ದರ ನೋಡುವವಳಿಗೆ ಅನ್ಯಾಯ. ಈ ಗಂಟನ್ನು ಇಬ್ಬರು ಬಡ ಹೆಂಗಸರೇ ಜಗಳವಾಡಿ ಬಿಚ್ಚಿಕೊಳ್ಳಲಿ ಎಂದು ಬಿಟ್ಟದ್ದರಿಂದಲೇ ಓಣಿಯಲ್ಲಿ ಮನಸ್ಸು ಮುರಿದದ್ದು. ಈ ಭಾರ ಹೊರಬೇಕಾದವರು ಇನ್ನೂ ಮೂವರಿದ್ದಾರೆ.

ಮೊದಲನೆಯವನು ತಂದೆ. ಕೂಸಿನ ಖರ್ಚನ್ನು ತಾಯಿಯ ಪಗಾರದಿಂದಲೇ ಕಳೆಯುವ ಲೆಕ್ಕ ಯಾರು ಕಲಿಸಿದರು? “ನಿನ್ನ ದುಡಿಮೆಯೆಲ್ಲ ಕೂಸು ಕಾಯೋಳಿಗೇ ಹೋಗ್ತದೆ, ಮನೇಲಿರು” ಎನ್ನುವ ಗಂಡಸರು ಕೇಳಲಿ. ಕೂಸು ಇಬ್ಬರದು. ಇಬ್ಬರೂ 500ರಂತೆ ದುಡಿದರೆ ಮನೆಗೆ ಬರುವುದು 26,000. ಅದರಲ್ಲಿ 3900 ಎಂದರೆ ರೂಪಾಯಿಗೆ 15 ಪೈಸೆ. ಎಲೆಅಡಿಕೆ, ಬೀಡಿ, ಸಂಜೆಯ ಖರ್ಚುಗಳನ್ನು ಒಮ್ಮೆ ಕೂಡಿಸಿ ನೋಡಿ, ಆಮೇಲೆ ಮಾತಾಡೋಣ.

ಎರಡನೆಯವನು ಮಾಲೀಕ. 1957ರಲ್ಲಿ ದೇಶದ ಕಾರ್ಮಿಕ ಸಮ್ಮೇಳನದ 15ನೆಯ ಅಧಿವೇಶನ ಕೂಲಿಯ ಅಳತೆಯೊಂದನ್ನು ಹಾಕಿಕೊಟ್ಟಿತು. ಒಬ್ಬ ದುಡಿಯುವವನ ಕೂಲಿ ಮೂರು ಪಾಲು ಅನ್ನಕ್ಕೆ, ತಲೆಗೆ ವರ್ಷಕ್ಕೆ 18 ಗಜ ಬಟ್ಟೆಗೆ, ಮನೆಬಾಡಿಗೆಗೆ, ಉರುವಲು ದೀಪಕ್ಕೆ ಸಾಲಬೇಕು. ಹೆಂಗಸರ ದುಡಿಮೆಯನ್ನು ಆ ಲೆಕ್ಕಕ್ಕೆ ಹಿಡಿಯಬಾರದು ಎಂದಿತು. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧೋಪಚಾರ ಮುಂತಾದವುಗಳಿಗೆ ಶೇಕಡಾ 25 ಸೇರಿಸಬೇಕೆಂದಿತು. ಅಷ್ಟು ಕೂಲಿ ನಮ್ಮ ಓಣಿಯಲ್ಲಿ ಎಷ್ಟು ಮನೆಗೆ ಬಂತು? ಬಾರದ್ದರಿಂದಲೇ ತಾಯಿಯೂ ಹೊರಗೆ ಹೊರಟಳು. ಅವಳ ಕೂಸನ್ನು ನೋಡಿಕೊಳ್ಳುವ ಖರ್ಚಿಗೆ ಆ ಎರಡು ಲೆಕ್ಕಗಳಲ್ಲಿಯೂ ಹೆಸರಿಟ್ಟು ಒಂದು ಬಾಬು ಇರಲಿಲ್ಲ.

ಕಾಯಿದೆ ಇದನ್ನು ಪೂರ್ತಿ ಮರೆತಿರಲಿಲ್ಲ. 1948ರ ಕಾರ್ಖಾನೆ ಕಾಯಿದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದಿತು. 1976ರ ತಿದ್ದುಪಡಿಯಲ್ಲಿ ಆ ಎಣಿಕೆ 30ಕ್ಕೆ ಇಳಿಯಿತು. 2017ರಲ್ಲಿ ಹೆರಿಗೆ ಭತ್ಯೆ ಕಾಯಿದೆಯ ತಿದ್ದುಪಡಿ ಗಂಡು ಹೆಣ್ಣು ಸೇರಿ 50 ನೌಕರರಿರುವ ಕಡೆಯಲ್ಲೆಲ್ಲ ಇರಬೇಕೆಂದಿತು. ಆದರೆ ಎಂಟು ಜನರ ಮಂಡಕ್ಕಿ ಭಟ್ಟಿಗೆ, ಹನ್ನೆರಡು ಹೊಲಿಗೆ ಯಂತ್ರದ ಷೆಡ್ಡಿಗೆ ಈ ಎಣಿಕೆ ಎಂದಿಗೂ ತಾಗುವುದಿಲ್ಲ. 2020ರ ಸಂಹಿತೆಯಲ್ಲಿ ಹಲವು ಸಂಸ್ಥೆಗಳು ಕೂಡಿ ಒಂದೇ ಶಿಶುವಿಹಾರ ನಡೆಸಬಹುದು ಎಂದು ಬರೆಯಲಾಯಿತು. ಹಾಗಾದರೆ ಹತ್ತು ಭಟ್ಟಿಗಳು, ಹತ್ತು ಷೆಡ್ಡುಗಳು ಕೂಡಿ ಈ ಓಣಿಯ ದರದಲ್ಲಿ ಅರ್ಧ ಹೊರಲಿ ಎಂಬುದು ನಮ್ಮ ಬೇಡಿಕೆ. ಮುಂದಿನ ಕೂಲಿ ಮಾತುಕತೆಯ ಪಟ್ಟಿಯಲ್ಲಿ ಇದು ಕೊನೆಯ ಸಾಲಿನಲ್ಲಿ ಇರಕೂಡದು.

ಮೂರನೆಯದು ಸರ್ಕಾರ. 1975ರಿಂದ ಅಂಗನವಾಡಿಗಳು ಬಂದವು, ಒಳ್ಳೆಯದಾಯಿತು. ಆದರೆ ಅವುಗಳ ಬಾಗಿಲು ಪಾಳಿ ಮುಗಿಯುವ ಮೊದಲೇ ಮುಚ್ಚುತ್ತದೆ. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಹಳ್ಳಿಗೆ ಬೇಕಾದದ್ದು ಪಟ್ಟಣದ ಕೂಲಿ ಓಣಿಗೆ ಬೇಡವೇ? ಇನ್ನು ದರದ ವಿಷಯ. 2017ರ ರಾಷ್ಟ್ರೀಯ ಶಿಶುವಿಹಾರ ಯೋಜನೆಯಲ್ಲಿ 25 ಕೂಸು ನೋಡುವ ಕಾರ್ಯಕರ್ತೆಗೆ ತಿಂಗಳಿಗೆ 3000, ಸಹಾಯಕಿಗೆ 1500 ಎಂದು ಬರೆದು, ಅದನ್ನು ಗೌರವಧನ ಎಂದು ಕರೆದರು. ಗೌರವವನ್ನು ಹೆಸರಿನಲ್ಲಿಟ್ಟು ಧನವನ್ನು ಕಡಿಮೆ ಮಾಡುವುದು ಹಳೆಯ ಉಪಾಯ. ಸರ್ಕಾರವೇ ಹೀಗೆ ಅಳೆದರೆ ಓಣಿಯವರು ಸಾವಿರಕ್ಕೆ ಇಳಿಸಿದ್ದು ಆಶ್ಚರ್ಯವೇ?

ಈ ಮೂವರಿಂದ ಪಡೆಯುವುದಕ್ಕೆ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾದು ಕೂರಬೇಕಾಗಿಲ್ಲ. ಈ ಓಣಿಗೆ ಸಾಧ್ಯವಾದ ಕೆಲವು ಕಟ್ಟಳೆಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ಒಬ್ಬರ ಬಳಿ ನಾಲ್ಕಕ್ಕಿಂತ ಹೆಚ್ಚು ಕೂಸು ಬೇಡ. ವರ್ಷದೊಳಗಿನದು ಇದ್ದರೆ ಅದನ್ನು ಎರಡೆಂದು ಎಣಿಸಬೇಕು. ಅದರ ದರ ಒಂದೂವರೆ ಪಾಲು ಇರಲಿ, ಉಳಿದರ್ಧವನ್ನು ಓಣಿಯ ಸಂಘದ ನಿಧಿ ಕೊಡಲಿ.

ಎರಡು, ಹೊತ್ತು ಗೊತ್ತಾಗಿರಲಿ. ಸಂಜೆ ಕಾಲು ತಾಸು ತಡವಾದರೆ ಮಾಫಿ. ಅದಕ್ಕೂ ಮೀರಿದರೆ ಇಮ್ಮಡಿ ದರ, ಅಂದರೆ ತಾಸಿಗೆ 25 ರೂಪಾಯಿ. ಕಾರ್ಖಾನೆಯಲ್ಲಿ 1948ರ ಕಾಯಿದೆಯಿಂದ ನಾವು ಪಡೆದ ಹಕ್ಕು ಇದೇ.

ಮೂರು, ಕೂಸು ಬಾರದ ದಿನಕ್ಕೂ ಅರ್ಧ ದರ ಸಲ್ಲಬೇಕು. ಅದರ ಜಾಗವನ್ನು ಆಕೆ ಬೇರೆಯವರಿಗೆ ಕೊಟ್ಟಿರುವುದಿಲ್ಲ. ಆಕೆಗೇ ಕಾಯಿಲೆಯಾಗಿ ನೋಡಿಕೊಳ್ಳಲು ಆಗದ ದಿನ ಆ ದರ ಸಲ್ಲದು. ವಾರಕ್ಕೊಂದು ರಜೆ ಆಕೆಯ ಹಕ್ಕು.

ನಾಲ್ಕು, ಜ್ವರ ಬಂದ ಕೂಸನ್ನು ಕಳಿಸಕೂಡದು. ಒಂದರ ಜ್ವರ ನಾಲ್ಕಕ್ಕೆ ಹಬ್ಬುತ್ತದೆ.

ಐದು, ಪಗಾರದ ಸಂಜೆಯೇ ಹಣ ಕೈಗೆ. ಕೂಸಿನ ಲೆಕ್ಕದಲ್ಲಿ ಉದ್ರಿ ಇಲ್ಲ.

ಆರು, ಇದೆಲ್ಲ ಒಂದು ಪುಸ್ತಕದಲ್ಲಿ ಇರಲಿ. ತಾಯಿ ತಂದೆ ಇಬ್ಬರ ರುಜು, ನೋಡುವವರ ರುಜು. ರುಜು ಬಾರದವರ ಹೆಬ್ಬೆಟ್ಟು.

ಒಂದೇ ಸಲ 3900ಕ್ಕೆ ಏರಲಾಗದವರು ಇಂದು ತಮ್ಮ ಕೈಲಾದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಎಷ್ಟು ಕಡಿಮೆ ಬಿತ್ತು ಎಂಬುದನ್ನು ಬರೆದಿಡೋಣ. ಆ ಕಡಿಮೆ ಬಿದ್ದದ್ದೇ ಮಾಲೀಕರ ಮುಂದೆ, ನಗರಪಾಲಿಕೆಯ ಮುಂದೆ ನಾವು ಹಿಡಿಯುವ ಬೇಡಿಕೆಯ ಮೊತ್ತವಾಗುತ್ತದೆ. ಬರೆದಿಡದ ಬಾಕಿಯನ್ನು ಯಾರೂ ತೀರಿಸುವುದಿಲ್ಲ.

ಆ ತಾಯಿ ಇಂದು ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ನಾಲ್ಕು ಕೂಸಿನ ಮಿತಿ, ನ್ಯಾಯವಾದ ದರ ಎರಡೂ ಆದರೆ ಮತ್ತೆ ಬಾಗಿಲು ತೆರೆಯುವುದಾಗಿ ಹೇಳಿದ್ದಾರೆ. ಉಳಿದ ಐದು ಕೂಸುಗಳಿಗೆ ಇನ್ನೂ ಇಬ್ಬರು ಮುಂದೆ ಬರಬೇಕು. ನ್ಯಾಯವಾದ ದರವಿದ್ದರೆ ಬರುತ್ತಾರೆ.

ಪುಸ್ತಕ ಈ ಮೇಜಿನ ಮೇಲಿದೆ. ಮೊದಲ ಸಾಲನ್ನು ನಾವೇ ಬರೆದಿದ್ದೇವೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ತಾಸು, 26 ವಾರ; ಒಟ್ಟು 52 ತಾಸಿಗೆ 1300 ರೂಪಾಯಿ. ಇದು ಆಕೆಗೆ ನಮ್ಮಿಂದ ಸಲ್ಲಬೇಕಾದ ಬಾಕಿ. ಈ ಪಗಾರದ ಸಂಜೆ ತೀರಿಸುತ್ತೇವೆ. ಎರಡನೆಯ ಸಾಲು ಖಾಲಿ ಇದೆ. ತಂದೆಯಾದವರು ಮೊದಲು ಎದ್ದು ಬನ್ನಿ.