ಹ್ಯಾಟೆಕೋಳಿ ಮೊಟ್ಟೆಗೆ ಬರುವ ಮುನ್ನ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಹಿತ್ತಲ ಕೋಳಿ ಸಾಕಣೆ ತರಬೇತಿಯಲ್ಲಿ ಆಡಿದ ಮಾತುಗಳು)

ಅರ್ಧ ದಿನದ ಕೂಲಿ ಬಿಟ್ಟು, ಮನೆಗೆಲಸ ಬೇಗ ಮುಗಿಸಿ ಬಂದಿದ್ದೀರಿ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿಮ್ಮಲ್ಲಿ ಹಲವರು ಸಂಘದಿಂದ ಸಾಲ ತೆಗೆದು ಕೋಳಿಮರಿ ತಂದಿದ್ದೀರಿ. ಕೆಲವರದು ನಾಟಿ, ಕೆಲವರದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರಾ. ಮರಿ ಇದ್ದಾಗ ನೀವು ಪಟ್ಟ ಕಷ್ಟ ನನಗೆ ಗೊತ್ತು. ಬುಟ್ಟಿ ಕವುಚಿ, ಬಲ್ಬು ಕಟ್ಟಿ, ಹದ್ದು, ಬೆಕ್ಕುಗಳಿಂದ ಕಾಪಾಡಿದ್ದೀರಿ. ಆದರೆ ನಾಲ್ಕು ತಿಂಗಳು ಆದ ಕೂಡಲೇ “ಇನ್ನೇನು ಸಿಸ್ಟರ್, ಅದರ ಪಾಡಿಗೆ ಅದು ಮೇಯ್ಕೊಂಡು ಬರುತ್ತೆ” ಅಂತೀರಿ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಹ್ಯಾಟೆ ಮೊಟ್ಟೆಗೆ ಬರುವ ಮುಂಚಿನ ಒಂದು ತಿಂಗಳ ಆರೈಕೆ ಇಡೀ ವರ್ಷದ ಮೊಟ್ಟೆಯ ಲೆಕ್ಕವನ್ನು ತೀರ್ಮಾನ ಮಾಡುತ್ತದೆ.

ಮೊದಲು ಹ್ಯಾಟೆ ಯಾವಾಗ ಮೊಟ್ಟೆಗೆ ಬರುತ್ತೆ ಅಂತ ತಿಳಿಯಬೇಕು. ಸ್ವರ್ಣಧಾರಾ ಸುಮಾರು 22-23 ವಾರಕ್ಕೆ ಬರುತ್ತದೆ. ನಾಟಿ ಕೋಳಿಗೆ ಆರು ತಿಂಗಳು, ಕೆಲವಕ್ಕೆ ಏಳೂ ಆಗಬಹುದು. ದಿನ ಎಣಿಸುವುದಕ್ಕಿಂತ ಕೋಳಿಯನ್ನು ನೋಡುವುದು ಒಳ್ಳೆಯದು. ಜುಟ್ಟು, ಗಲ್ಲದ ಕೆಳಗಿನ ಜೋಲು ಕೆಂಪಾಗುತ್ತದೆ. ಮೂಲೆ ಮೂಲೆ ಹುಡುಕಿಕೊಂಡು ಗೂಡಿಗೆ ಹೋಗಿ ಬಂದು ಮಾಡುತ್ತದೆ. ಬೆನ್ನ ಮೇಲೆ ಕೈ ಇಟ್ಟರೆ ಓಡುವ ಬದಲು ಕುಕ್ಕರಿಸುತ್ತದೆ. ಹಿಂಭಾಗದಲ್ಲಿ ಎರಡು ಸಣ್ಣ ಮೂಳೆ ಸಿಗುತ್ತವೆ, ಮುಟ್ಟಿ ನೋಡಿ. ಎಳೆ ಹ್ಯಾಟೆಯಲ್ಲಿ ಅವುಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಎರಡು ಬೆರಳು ಹಿಡಿಸಿದರೆ ಮೊಟ್ಟೆಯ ದಿನ ಹತ್ತಿರ ಬಂತು ಅಂತ ಅರ್ಥ.

ಈಗ ಮೇವಿನ ಮಾತು. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಮೈಯ ಎಲ್ಲ ಮೂಳೆ ಸೇರಿದರೂ ಅದರಲ್ಲಿರುವುದು ಸುಮಾರು 20 ಗ್ರಾಂ. ಹತ್ತು ಮೊಟ್ಟೆ ಇಟ್ಟರೆ ತನ್ನ ಮೈಮೂಳೆಯಲ್ಲಿ ಇರುವಷ್ಟು ಸುಣ್ಣವನ್ನು ಹೊರಗೆ ಕೊಟ್ಟ ಹಾಗೆ! ನಾವು ಕೊಡದಿದ್ದರೆ ಅದು ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಆಮೇಲೆ ತೊಗಲುಮೊಟ್ಟೆ ಬರುತ್ತದೆ, ಕಾಲು ಸೋಲುತ್ತದೆ, ಕೋಳಿ ಕೂತಲ್ಲೇ ಕೂರುತ್ತದೆ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಇರುವಾಗಲೇ ಅದರ ಮೂಳೆಯೊಳಗೆ ಸುಣ್ಣ ಕೂಡಿಡುವ ಕೆಲಸ ಶುರುವಾಗುತ್ತದೆ. ನಾವು ಸಂಘದಲ್ಲಿ ಉಳಿತಾಯ ಕಟ್ಟುತ್ತೇವಲ್ಲ, ಹಾಗೇ. ಆ ಎರಡು ವಾರ ಅದಕ್ಕೆ ಸುಣ್ಣ ಸಿಗಬೇಕು.

ಒಂದು ಊರಿನಲ್ಲಿ ಒಬ್ಬ ಅಕ್ಕ ಕೇಳಿದರು: “ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ನೀವೇ ಹೇಳ್ತೀರಿ, ನಾವು ರಾಗಿ ಹಾಕ್ತೀವಲ್ಲ, ಸಾಲದಾ?” ಒಳ್ಳೆಯ ಪ್ರಶ್ನೆ. ಮನುಷ್ಯರಿಗೆ ರಾಗಿ ನಿಜವಾಗಿಯೂ ಒಳ್ಳೆಯದು. ಆದರೆ 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು ಮೂರನೇ ಒಂದು ಗ್ರಾಂ ಮಾತ್ರ. ಮೊಟ್ಟೆಗೆ ಬೇಕಾದ 2 ಗ್ರಾಂ ಎಲ್ಲಿ, ಇದೆಲ್ಲಿ? ಅದಕ್ಕೇ ಕಪ್ಪೆಚಿಪ್ಪಿನ ಪುಡಿ ಬೇಕು. ಸಿಗದಿದ್ದರೆ ಕೋಳಿಮೇವಿನ ಅಂಗಡಿಯ ಸುಣ್ಣಕಲ್ಲಿನ ನುಚ್ಚು ಆಗುತ್ತದೆ. ಮನೆಯ ಮೊಟ್ಟೆಚಿಪ್ಪನ್ನೂ ಕೊಡಬಹುದು, ಆದರೆ ಚೆನ್ನಾಗಿ ಹುರಿದು ಪುಡಿ ಮಾಡಿ ಕೊಡಿ. ಇಡೀ ಚಿಪ್ಪು ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಾಳಿ ಬೀಳುತ್ತದೆ. ಎಲೆಗೆ ಹಚ್ಚುವ, ಗೋಡೆಗೆ ಬಳಿಯುವ ಸುಣ್ಣ ಮಾತ್ರ ಬೇಡವೇ ಬೇಡ, ಬಾಯಿ ಕರುಳು ಸುಡುತ್ತದೆ.

ಸುಣ್ಣ ಒಳ್ಳೆಯದು ಅಂತ ಎಳೆ ಮರಿಗೂ ಹಾಕಬೇಡಿ. ಎರಡು-ಮೂರು ತಿಂಗಳ ಮರಿಗೆ ಲೇಯರ್ ಮೇವು ತಿನ್ನಿಸಿದರೆ ಹೆಚ್ಚಾದ ಸುಣ್ಣ ಅದರ ಮೂತ್ರಪಿಂಡವನ್ನು ಕೆಡಿಸುತ್ತದೆ. ಹಾಗಾಗಿ ಚಿಪ್ಪಿನ ಪುಡಿಯನ್ನು ಮೇವಿಗೆ ಬೆರೆಸದೆ ಬೇರೆ ತೆಂಗಿನ ಕರಟದಲ್ಲಿ ಇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೊಟ್ಟೆಚಿಪ್ಪು ಹೆಚ್ಚಾಗಿ ರಾತ್ರಿ ಹೊತ್ತು ಕಟ್ಟುವುದರಿಂದ ಸಂಜೆ ಗೂಡಿಗೆ ಬರುವಾಗ ಕರಟ ತುಂಬಿರಲಿ.

ಸುಣ್ಣ ಒಂದೇ ಸಾಲದು, ಮೈ ಕಟ್ಟುವ ಪ್ರೋಟೀನೂ ಬೇಕು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಸುಮಾರು 10 ಕಿಲೋ ಮೇವಿನ ಲೆಕ್ಕ ಬರೆದುಕೊಳ್ಳಿ:

ಮೆಕ್ಕೆಜೋಳದ ನುಚ್ಚು – 4 ಕಿಲೋ
ರಾಗಿ – 1 ಕಿಲೋ
ಅಕ್ಕಿ ತೌಡು – 2 ಕಿಲೋ
ಕಡಲೆಕಾಯಿ ಹಿಂಡಿ ಅಥವಾ ಸೋಯಾ ಹಿಂಡಿ – 2 ಕಿಲೋ
ಒಣಮೀನಿನ ಪುಡಿ – ಅರ್ಧ ಕಿಲೋ
ಖನಿಜ ಮಿಶ್ರಣ – 200 ಗ್ರಾಂ

ಉಪ್ಪುಮೀನು ಆದರೆ ತೊಳೆದು ಒಣಗಿಸಿ ಪುಡಿ ಮಾಡಿ, ಬೇರೆ ಉಪ್ಪು ಸೇರಿಸಬೇಡಿ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕರೂ ತರಬೇಡಿ. ಆ ಬೂಷ್ಟಿನ ವಿಷ ಕೋಳಿಯ ಯಕೃತ್ತಿಗೆ ಹಾನಿ. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಹಗಲೆಲ್ಲ ಮೇಯುವ ಹ್ಯಾಟೆಗೆ ಸಂಜೆ ಒಂದು ಹಿಡಿ, ಅಂದರೆ 40-50 ಗ್ರಾಂ ಸಾಕು. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಒಂದೂವರೆ ಹಿಡಿಗೆ ಏರಿಸಿ. ಕೂಡಿಹಾಕಿ ಸಾಕುವ ಕೋಳಿಗೆ ಇದು ಸಾಲದು, ದಿನಕ್ಕೆ 100 ಗ್ರಾಂ ಮೇಲೆ ಬೇಕು. ಹೊಸ ಮೇವನ್ನು ಒಂದೇ ದಿನ ಬದಲಾಯಿಸದೆ, ಒಂದು ವಾರ ಹಳೆಯದರ ಜೊತೆ ಬೆರೆಸುತ್ತಾ ಬನ್ನಿ. ನುಗ್ಗೆಸೊಪ್ಪು, ಹಿತ್ತಲ ಸೊಪ್ಪು, ಗೆದ್ದಲು ಖರ್ಚಿಲ್ಲದ ಮೇವು. ಹಳೇ ಮಡಕೆಗೆ ಸಗಣಿ, ಒದ್ದೆ ಹುಲ್ಲು ತುಂಬಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ ಮರುದಿನ ಗೆದ್ದಲು ಕೂಡಿರುತ್ತದೆ. ಅಜ್ಜಿಯರ ಕಾಲದ ಈ ಉಪಾಯ ಈಗಲೂ ನಡೆಯುತ್ತದೆ.

ಕೆಲವರು ಬೇಗ ಮೊಟ್ಟೆ ಬರಲಿ ಅಂತ ಬರೀ ಜೋಳ, ಬಾಯ್ಲರ್ ಮೇವು, ಮಿಕ್ಕ ಅನ್ನ ಸುರಿಯುತ್ತಾರೆ. ಕೋಳಿ ದುಂಡಗಾಗುತ್ತದೆ, ನೋಡಲು ಚೆಂದ. ಹೊಟ್ಟೆಯಲ್ಲಿ ಕೊಬ್ಬು ಕಟ್ಟಿದ ಹ್ಯಾಟೆ ಮೊಟ್ಟೆ ಇಡುವಾಗ ಮೊಟ್ಟೆದಾರಿಯೇ ಹೊರಗೆ ಬಂದು, ಉಳಿದ ಕೋಳಿಗಳು ಅದನ್ನು ಕುಕ್ಕಿ ಸಾಯಿಸಿದ್ದೂ ಇದೆ. ಹದವಾದ ಮೈ ಇರಲಿ.

ನೀರು ಮರೆಯಬೇಡಿ. ಕೋಳಿ ಮೇವಿನ ಎರಡರಷ್ಟು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅರ್ಧ ದಿನ ನೀರಿಲ್ಲದಿದ್ದರೂ ಮೊಟ್ಟೆ ಕಡಿಮೆಯಾಗುತ್ತದೆ. ಮೊಟ್ಟೆಗೆ ಬರುವ ಮೊದಲೇ ಜಂತುಹುಳುವಿನ ಔಷಧಿ ಕೊಡಿಸಿ, ಕೊಕ್ಕರೆ ರೋಗದ ಲಸಿಕೆ ಆಗಿದೆಯಾ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿ. ನಾಲ್ಕೈದು ಕೋಳಿಗೆ ಒಂದರಂತೆ ಹುಲ್ಲು ಹಾಕಿದ ಬುಟ್ಟಿಯನ್ನು ಕತ್ತಲ ಮೂಲೆಯಲ್ಲಿ ಇಡಿ. ಇಲ್ಲದಿದ್ದರೆ ಮೊಟ್ಟೆ ಪಕ್ಕದ ಮನೆಯ ಬೇಲಿಯಲ್ಲಿ ಸಿಗುತ್ತದೆ, ಜಗಳವೂ ಜೊತೆಗೆ!

ಕೊನೆಯದಾಗಿ ಎರಡು ಮಾತು. ಜಾತ್ರೆ ಬಂತು, ನೆಂಟರು ಬಂದರು ಅಂತ ಐದು ತಿಂಗಳ ಹ್ಯಾಟೆಯನ್ನೇ ಮೊದಲು ಹಿಡಿಯುತ್ತೇವೆ, ಯಾಕೆಂದರೆ ಮೈ ತುಂಬಿರುವುದು ಅದೇ. ಐದು ತಿಂಗಳು ನೀವು ಹಾಕಿದ ಮೇವು ವಾಪಸು ಬರುವ ಹೊತ್ತಿಗೆ ಸರಿಯಾಗಿ ಅದು ಸಾರಾಗುತ್ತದೆ, ಸಂಘದ ಕಂತು ಬಾಕಿ ಉಳಿಯುತ್ತದೆ. ಹುಂಜ ಕೊಡಿ, ಹ್ಯಾಟೆ ಉಳಿಸಿ. ಇದನ್ನು ಮನೆಯಲ್ಲಿ ಗಂಡ, ಅತ್ತೆ ಎಲ್ಲರ ಜೊತೆ ಮೊದಲೇ ಕೂತು ಮಾತಾಡಿಕೊಳ್ಳಿ. ನೆಂಟರು ಬಾಗಿಲಿಗೆ ಬಂದ ಮೇಲೆ ಮಾತಾಡಲು ಆಗುವುದಿಲ್ಲ.

ಇನ್ನೊಂದು: ಎಲ್ಲ ಮೊಟ್ಟೆಯನ್ನೂ ಮಾರಬೇಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಗಂಡನಿಗೆ, ಮಗನಿಗೆ ಕೊಟ್ಟು ಉಳಿದರೆ ಮಗಳಿಗೆ, ಅದರಲ್ಲೂ ಉಳಿದರೆ ನನಗೆ ಅನ್ನುವ ಲೆಕ್ಕ ಬೇಡ. ಹ್ಯಾಟೆಗೆ ಮೊಟ್ಟೆ ಕಾಲದಲ್ಲಿ ಬೇರೆ ಮೇವು ಬೇಕು ಅಂತ ಒಪ್ಪುವ ನಾವು, ಬಸುರಿ ಸೊಸೆಗೂ ಬೆಳೆಯುವ ಹುಡುಗಿಗೂ ಅದೇ ನ್ಯಾಯ ಮಾಡಬೇಕಲ್ಲವೇ?

ಮುಂದಿನ ವಾರದ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಹ್ಯಾಟೆಗಳ ಸಂಖ್ಯೆ, ವಯಸ್ಸು, ಹಾಕಿದ ಮೇವಿನ ಖರ್ಚು ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಓದು ಬಾರದವರಿಗೆ ಪಕ್ಕದವರು ಬರೆದುಕೊಡಿ. ಹಿಂಡಿ, ಚಿಪ್ಪಿನ ಪುಡಿಯನ್ನು ಸಂಘವೇ ಒಟ್ಟಿಗೆ ಕೊಂಡರೆ ಎಲ್ಲರಿಗೂ ಅಗ್ಗ. ಅದನ್ನು ಅಂದೇ ತೀರ್ಮಾನ ಮಾಡೋಣ.