ಉತಾರದ ಹೆಸರು, ದುಡಿಯುವ ಕೈ

 

ರೈತರ ಸಾಲದ ಬಗ್ಗೆ ಮಾತಾಡಿ ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ ಹಿಂಜರಿದೆ. ನಾನು ಬ್ಯಾಂಕಿನವನಲ್ಲ. ನೀರಾವರಿ ಇಲಾಖೆಯಲ್ಲಿ ಕಾಲುವೆ ನೋಡಿಕೊಂಡು ನಿವೃತ್ತನಾದ ಎಂಜಿನಿಯರ್. ಆದರೆ ಎರಡು ವರ್ಷದಿಂದ ಒಂದು ಮಾತು ಎದೆಯಲ್ಲಿ ಕುಳಿತಿದೆ. ಅದು ನನ್ನ ಮನೆಯದೇ ತಪ್ಪು. ಅದನ್ನು ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಮೊದಲು ಒಂದು ಹಳೆಯ ಸಂಗತಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅಂಥ ಸಂಘಗಳಲ್ಲಿ ದೇಶಕ್ಕೇ ಮೊದಲನೆಯದು ಎಂಬ ಹೆಸರು ಅದಕ್ಕಿದೆ. ಆ ಕಾಯಿದೆಯಲ್ಲಿ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಬಾಧ್ಯರು. ಹಾಗಾಗಿ ಸಾಲ ಕೇಳಿದವನು ನಿಜವಾಗಿ ದುಡಿಯುತ್ತಾನೋ ಇಲ್ಲವೋ ಎಂದು ಊರೇ ನೋಡುತ್ತಿತ್ತು. ನೋಡಲೇಬೇಕಿತ್ತು.

ಈಗ ನೋಡುವುದು ಉತಾರವನ್ನು, ಅಂದರೆ ಪಹಣಿಯನ್ನು.

ಬ್ಯಾಂಕುಗಳು ತಾವು ಕೊಡುವ ಸಾಲದಲ್ಲಿ ಶೇ. 18ರಷ್ಟನ್ನು ಕೃಷಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ. 7 ಬಡ್ಡಿ, ಗಡುವಿನೊಳಗೆ ಕಟ್ಟಿದರೆ 3 ಬಿಟ್ಟು ಶೇ. 4. ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ. ಇಷ್ಟು ಅಗ್ಗದ ಹಣ ಇನ್ನಾವ ಉದ್ಯೋಗಕ್ಕೆ ಸಿಗುತ್ತದೆ ಹೇಳಿ. ಆದರೂ ದಲಾಲಿ ಅಂಗಡಿಯ ಮುಂದೆ ಜನ ಯಾಕೆ ನಿಲ್ಲುತ್ತಾರೆ?

ನನ್ನ ಕಥೆ ಕೇಳಿ. ಊರಲ್ಲಿ 6 ಎಕರೆ ಎರೆಹೊಲವಿದೆ. ತಂದೆಯವರು ಹೋದ ಮೇಲೆ ಅದನ್ನು ಲಾವಣಿಗೆ ಕೊಟ್ಟಿದ್ದೇನೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಯುಗಾದಿಗೆ ಲಾವಣಿ ಹಣ ತಪ್ಪದೆ ಬರುತ್ತದೆ. ನಿವೃತ್ತಿಯಾದ ಮೇಲೆ, ಮನೆಯ ಮೇಲಂತಸ್ತು ಅರ್ಧಕ್ಕೆ ನಿಂತಿತ್ತು. ಉತಾರ ಹಿಡಿದು ಬ್ಯಾಂಕಿಗೆ ಹೋದೆ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಅರ್ಜಿಯಲ್ಲಿ ಸ್ವಂತ ಸಾಗುವಳಿ ಎಂದಿತ್ತು, ಸಹಿ ಹಾಕಿದೆ. ಒಂದು ಲಕ್ಷ ಬಂತು. ಸಿಮೆಂಟು, ಕಬ್ಬಿಣಕ್ಕೆ ಹೋಯಿತು. ಸರಕಾರದ ಲೆಕ್ಕದಲ್ಲಿ ಅದು ಕೃಷಿ ಸಾಲ.

ಅದೇ ವರ್ಷ ಹೊಲ ಮಾಡುವವರು ಬೀಜ, ಗೊಬ್ಬರ, ಆಳಿನ ಕೂಲಿಗೆಂದು ದಲಾಲಿ ಅಂಗಡಿಯಲ್ಲಿ ಒಂದು ಲಕ್ಷ ತಂದಿದ್ದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ. ವರ್ಷಕ್ಕೆ ನನಗೆ 4 ಸಾವಿರ ಬಡ್ಡಿ, ಅವರಿಗೆ 36 ಸಾವಿರ. ಹೊಲ ಒಂದೇ, ಬೆಳೆ ಒಂದೇ. ಮೇಲಾಗಿ ಕಾಳನ್ನು ಅದೇ ಅಂಗಡಿಗೇ ಹಾಕಬೇಕು, ಅವನು ಹೇಳಿದ ದರಕ್ಕೆ. 2023ರ ಬರದಲ್ಲಿ ಪರಿಹಾರದ ಹಣವೂ ನನ್ನ ಖಾತೆಗೇ ಜಮಾ ಆಯಿತು, ಉತಾರ ನನ್ನ ಹೆಸರಿಗಿತ್ತಲ್ಲ! ಅದನ್ನು ಕೊಡಲು ಹೋದಾಗಲೇ ಈ ದಲಾಲಿ ಸಾಲದ ಸಂಗತಿ ಗೊತ್ತಾದದ್ದು. ಬ್ಯಾಂಕಿಗೆ ಹೋಗಬಾರದಿತ್ತೆ ಎಂದು ಕೇಳಿದೆ. "ನನ್ನ ಹೆಸರಿಲೆ ಉತಾರ ಇಲ್ರೀ ಸಾಹೇಬ್ರ, ಏನ್ ತೋರಿಸ್ಲಿ?" ಅಂದರು. ಸಿಟ್ಟಿನಿಂದ ಅನ್ನಲಿಲ್ಲ.

ಕಾಲುವೆಯಲ್ಲಿ ನಾವೂ ಇದೇ ಮಾಡುತ್ತಿದ್ದೆವು. ತಲೆಯಲ್ಲಿ ಎಷ್ಟು ನೀರು ಬಿಟ್ಟೆವೆಂದು ಅಳೆದು ವರದಿ ಕಳಿಸುತ್ತಿದ್ದೆವು. ಕೊನೆ ಭಾಗದ ಹೊಲ ಒಣಗಿದ್ದು ವರದಿಯಲ್ಲಿ ಬರುತ್ತಿರಲಿಲ್ಲ. ಬ್ಯಾಂಕಿನವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅವರಿಗೆ ಗುರಿ ಮುಟ್ಟಬೇಕು, ಸಾಲ ಸುಸ್ತಿಯಾಗಬಾರದು. ಉತಾರವಿದ್ದವನಿಗೆ ಕೊಟ್ಟರೆ ಎರಡೂ ಸಲೀಸು. ಇನ್ನು ತಲೆಯಲ್ಲೇ ನೀರು ಇಳಿದರೆ ಹೇಗೆ? ನಬಾರ್ಡ್ ನಮ್ಮ ರಾಜ್ಯದ ಸಹಕಾರ ಸಾಲಕ್ಕೆ ಕೊಡುವ ರಿಯಾಯಿತಿ ಮರುಸಾಲದ ಮಿತಿ 2023-24ರಲ್ಲಿ 5,600 ಕೋಟಿ ಇದ್ದದ್ದು 2024-25ಕ್ಕೆ 2,340 ಕೋಟಿಗೆ ಇಳಿಯಿತು. ಹಾಗಾದಾಗ ಸಂಘ ಹಳೆಯ ಸಾಲಗಾರರನ್ನು ಬಿಡಲಾರದು. ಬಾಗಿಲಲ್ಲಿ ನಿಲ್ಲುವವನು ಹೊಸಬ.

ಕಾಯಿದೆಯ ತೊಡಕೂ ಇದೆ. 1974ರ ಭೂಸುಧಾರಣೆ ತಿದ್ದುಪಡಿಯಿಂದ ನಮ್ಮಲ್ಲಿ ಗೇಣಿ ಕೊಡುವುದಕ್ಕೇ ನಿಷೇಧ. ಅದು ಬಂದದ್ದು ಒಳ್ಳೆಯದಕ್ಕೇ, ಎಷ್ಟೋ ಮನೆಗಳಿಗೆ ಭೂಮಿ ಸಿಕ್ಕಿತು. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ನಮ್ಮ ತಂದೆಯವರು ಏಳನೇ ನಮೂನೆಯ ಹೆಸರು ಕೇಳಿದರೆ ಸಾಕು, ಊಟ ಬಿಡುತ್ತಿದ್ದರು. ಅದೇ ಹೆದರಿಕೆಯಿಂದ ನಾವು ಇವತ್ತಿಗೂ ಒಂದು ಚೀಟಿ ಬರೆದುಕೊಡುವುದಿಲ್ಲ. ಪಕ್ಕದ ಆಂಧ್ರದಲ್ಲಿ 2011ರಲ್ಲೇ ಕಾಯಿದೆ ಮಾಡಿ, ಮಾಲೀಕನ ಹಕ್ಕಿಗೆ ಧಕ್ಕೆಯಿಲ್ಲದಂತೆ, ಗೇಣಿದಾರರಿಗೆ ಸಾಲದ ಅರ್ಹತಾ ಕಾರ್ಡು ಕೊಟ್ಟರು. ಕಾರ್ಡು ಇದ್ದವರಿಗೆಲ್ಲ ಸಾಲ ಸಿಕ್ಕಿತೆಂದಲ್ಲ, ಆದರೆ ತೋರಿಸಲು ಒಂದು ಕಾಗದವಾದರೂ ಆಯಿತು. ನಮ್ಮ ಸರಕಾರಕ್ಕೆ ಈ ಸಭೆಯಿಂದ ಒಂದು ಮನವಿ ಹೋಗಲಿ ಎಂದು ಪೂಜ್ಯರನ್ನು ಕೇಳಿಕೊಳ್ಳುತ್ತೇನೆ.

ಕಾಯಿದೆ ಬರುವವರೆಗೆ ಕಾಯಬೇಕೆಂದಿಲ್ಲ. ಕಿಸಾನ್ ಕಾರ್ಡಿನ ನಿಯಮದಲ್ಲೇ ಬಾಯಿಮಾತಿನ ಗೇಣಿದಾರರಿಗೆ, ಪಾಲಿಗೆ ಮಾಡುವವರಿಗೆ ಜಾಗವಿದೆ. 2025ರ ಜನವರಿಯಿಂದ 2 ಲಕ್ಷದವರೆಗೆ ಅಡಮಾನವೂ ಬೇಕಿಲ್ಲ. ನಾಲ್ಕರಿಂದ ಹತ್ತು ಜನ ಸೇರಿ ಒಬ್ಬರಿಗೊಬ್ಬರು ಜಾಮೀನಾಗುವ ಜಂಟಿ ಬಾಧ್ಯತಾ ಗುಂಪು ಮಾಡಬಹುದು. ಕಣಗಿನಹಾಳದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ ಅಲ್ಲವೆ?

ಕಾಯಕ ಒಬ್ಬರದು, ಸಾಲ ಇನ್ನೊಬ್ಬರದು ಎಂದಾದ ಮೇಲೆ ನನಗೆ ಈ ಮಠದಲ್ಲಿ ಕೂರುವುದೇ ಕಷ್ಟವಾಯಿತು. ಬ್ಯಾಂಕಿನ ಸಾಲ ಪೂರ್ತಿ ಕಟ್ಟಿದೆ, ಮತ್ತೆ ತೆಗೆಯಲಿಲ್ಲ. ನಮ್ಮೂರಲ್ಲಿ ಲಾವಣಿಗೆ ಮಾಡುವ ನಾಲ್ವರು ಈಗ ಗುಂಪು ಕಟ್ಟಿದ್ದಾರೆ. ಈ ಸರ್ವೆ ನಂಬರಿನಲ್ಲಿ ಬೆಳೆ ಇಂಥವರದು, ಇದರ ಮೇಲೆ ನಾನು ಬೆಳೆ ಸಾಲ ಪಡೆಯುವುದಿಲ್ಲ ಎಂದು ಹೊಲದ ಮಾಲೀಕರು ಬರೆದುಕೊಟ್ಟರೆ ಅರ್ಜಿ ಮೇಲಿನ ಕಚೇರಿಗೆ ಕಳಿಸುತ್ತೇನೆ ಎಂದು ಮ್ಯಾನೇಜರು ಒಪ್ಪಿದ್ದಾರೆ. ಮೂವರು ಮಾಲೀಕರು ಸಹಿ ಹಾಕಿದ್ದೇವೆ. ಗುಂಪಿಗೆ ನಾಲ್ವರು ಬೇಕೇ ಬೇಕು. ನಾಲ್ಕನೆಯ ಹೊಲದವರು ಈ ಸಭೆಯಲ್ಲೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ಕಾಗದ, ಪೆನ್ನು ನನ್ನ ಜೇಬಿನಲ್ಲಿವೆ. ಪ್ರಸಾದದ ಪಂಕ್ತಿಯಲ್ಲಿ ಅವರ ಪಕ್ಕದಲ್ಲೇ ಕೂರುತ್ತೇನೆ.