ಗಾಡಿಗೆ ಗಾಡಿ ಕಾಯಲಿ: ಕರ್ನಾಟಕದ ರೈಲು ಮತ್ತು ಕೊಂಡಿ ಸಾರಿಗೆ



ರೈಲಿಗಾಗಿ ನಮ್ಮ ಊರುಗಳಿಂದ ಹೊರಡುವ ಮನವಿಗಳಲ್ಲಿ ಹೆಚ್ಚಿನವುಗಳ ಒಕ್ಕಣೆ ಒಂದೇ: ನಮ್ಮೂರಿನಿಂದ ಬೆಂಗಳೂರಿಗೆ ನೇರ ರೈಲು ಬೇಕು, ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಯುವಂತಿರಬೇಕು. ಬೀದರಿನವರೂ ಇದನ್ನೇ ಕೇಳುತ್ತಾರೆ, ತಾಳಗುಪ್ಪದವರೂ ಇದನ್ನೇ ಕೇಳುತ್ತಾರೆ. ಕೇಳುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಇದೊಂದನ್ನೇ ಕೇಳುತ್ತ ಹೋದರೆ ನಾಡಿನ ರೈಲು ಎಂದಿಗೂ ಎಲ್ಲರ ಕೈಗೆ ಎಟುಕುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ವಿವರಿಸಲೆಂದೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ನೇರ ರೈಲಿನ ಮೇಲಿನ ಈ ಮೋಹಕ್ಕೆ ಚರಿತ್ರೆಯ ಕಾರಣವಿದೆ. ಮದರಾಸಿನ ಕಡೆಯಿಂದ ಜೋಲಾರಪೇಟೆ ಮಾರ್ಗವಾಗಿ 1864ರಲ್ಲಿ ಬೆಂಗಳೂರಿಗೆ ಬಂದದ್ದು ಬ್ರಾಡ್‌ಗೇಜ್ ಹಳಿ. ಭೀಕರ ಬರಗಾಲದ ದಿನಗಳಲ್ಲಿ ಕೆಲಸ ಶುರುವಾಗಿ 1882ರಲ್ಲಿ ಮೈಸೂರು ಮುಟ್ಟಿದ್ದು ಮೀಟರ್‌ಗೇಜ್. ಹಳಿಯ ಅಗಲ ಬೇರೆಯಾದಲ್ಲೆಲ್ಲ ಜನ ಇಳಿಯಬೇಕು, ಸಾಮಾನು ಇಳಿಸಬೇಕು, ಇನ್ನೊಂದು ಗಾಡಿಗೆ ಏರಿಸಬೇಕು. ನಮ್ಮ ಹಿರಿಯರು ತಲೆಮಾರುಗಟ್ಟಲೆ ಈ ಪಾಡು ಪಟ್ಟರು. 1992ರಲ್ಲಿ ಏಕ ಗೇಜ್ ಯೋಜನೆ ಬಂತು. ಅದಕ್ಕೂ ಬೆಲೆ ತೆತ್ತೆವು: ಗೇಜ್ ಬದಲಾವಣೆಗೆಂದು 1996ರಲ್ಲಿ ನಿಂತ ಹಾಸನ–ಮಂಗಳೂರು ರೈಲು ಪ್ರಯಾಣಿಕರಿಗೆ ಮತ್ತೆ ಸಿಕ್ಕಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಕರಾವಳಿಯ ಒಂದು ಇಡೀ ಪೀಳಿಗೆ ರಾತ್ರಿ ಬಸ್ಸಿಗೆ ಒಗ್ಗಿಹೋಗಿತ್ತು. ಗೇಜ್ ಒಂದಾದರೂ, ಗಾಡಿ ಬದಲಿಸುವುದೆಂದರೆ ಹಿಂಸೆ ಎಂಬ ಭಾವನೆ ಮನಸ್ಸಿನಿಂದ ಹೋಗಲಿಲ್ಲ.

ಈಗ ಲೆಕ್ಕ ನೋಡೋಣ. ಎಲ್ಲ ಊರಿನ ರಾತ್ರಿ ಗಾಡಿಗಳೂ ಬೆಳಿಗ್ಗೆ ಐದರಿಂದ ಎಂಟರೊಳಗೆ ಬೆಂಗಳೂರು ಸೇರಬೇಕು. ಮೆಜೆಸ್ಟಿಕ್‌ನ ಮುಖ್ಯ ನಿಲ್ದಾಣದಲ್ಲಿರುವ ಪ್ಲಾಟ್‌ಫಾರಂಗಳು ಹತ್ತು. ಖಾಲಿಯಾಗುವ ತನಕ ಗಾಡಿ ಔಟರ್‌ನಲ್ಲಿ ನಿಂತಿರಬೇಕು. ಬಂದ ಗಾಡಿಗೆ ಪಿಟ್ ಲೈನ್ ಬೇಕು, ತೊಳೆಯಬೇಕು, ನೀರು ತುಂಬಬೇಕು. ಆಮೇಲೆ ಆ ಬೋಗಿಗಳೆಲ್ಲ ರಾತ್ರಿಯ ತನಕ ಯಾರ್ಡಿನಲ್ಲಿ ಸುಮ್ಮನೆ ಬಿದ್ದಿರುತ್ತವೆ. ಅದರ ಬದಲು ಒಂದು ಡೆಮು ಗಾಡಿಯನ್ನು ಕಡೂರು–ಚಿಕ್ಕಮಗಳೂರು ನಡುವೆ ಓಡಿಸಿದರೆ ದಿನಕ್ಕೆ ಎಷ್ಟೋ ಸಲ ಹೋಗಿಬರುತ್ತದೆ. ಅಲ್ಲದೆ ಎಲ್ಲರೂ ಬೆಂಗಳೂರಿಗೇ ಹೊರಟವರಲ್ಲ. ಹಾವೇರಿಯ ಹುಡುಗಿಗೆ ಹಾಸನದಲ್ಲಿ ಕಾಲೇಜು, ದಾವಣಗೆರೆಯ ರೋಗಿಗೆ ಮಂಗಳೂರಿನಲ್ಲಿ ಆಸ್ಪತ್ರೆ. ಇಂಥ ಪ್ರತಿ ಜೋಡಿ ಊರಿಗೂ ನೇರ ರೈಲು ಕೊಡಲು ಯಾವ ದೇಶಕ್ಕೂ ಸಾಧ್ಯವಿಲ್ಲ.

ಹಾಗಾದರೆ ದಾರಿ ಏನು? ಸ್ವಿಟ್ಜರ್‌ಲೆಂಡಿನ ಕಥೆ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ರೈಲ್ವೆಯ ಸ್ಯಾಮುಯೆಲ್ ಸ್ಟೇಲಿ ಎಂಬ ಎಂಜಿನಿಯರ್ ಮತ್ತು ಅವರ ಒಂದಿಬ್ಬರು ಸಂಗಡಿಗರು, ದೇಶದ ಎಲ್ಲ ಗಾಡಿಗಳೂ ಪ್ರತಿ ಗಂಟೆಯ ಅದೇ ನಿಮಿಷಕ್ಕೆ ಹೊರಡಲಿ, ದೊಡ್ಡ ಜಂಕ್ಷನ್‌ಗಳಲ್ಲಿ ಒಂದೇ ಹೊತ್ತಿಗೆ ಬಂದು ಸೇರಲಿ ಎಂಬ ಯೋಚನೆಯನ್ನು ಮುಂದಿಟ್ಟರು. 1982ರಲ್ಲಿ ಅದು ದೇಶವ್ಯಾಪಿ ವೇಳಾಪಟ್ಟಿಯಾಯಿತು. 1987ರಲ್ಲಿ ‘ರೈಲು 2000’ ಯೋಜನೆಯನ್ನು ಜನಮತಕ್ಕೆ ಹಾಕಿದಾಗ ಜನ ಒಪ್ಪಿದರು. ಅಲ್ಲಿ ಮೊದಲು ಬರೆದದ್ದು ವೇಳಾಪಟ್ಟಿ. ಅದಕ್ಕೆ ಬೇಕಾದಷ್ಟು ಹಳಿ ಹಾಕಿದ್ದು ಆಮೇಲೆ. ಜ್ಯೂರಿಕ್–ಬರ್ನ್ ನಡುವೆ 69 ನಿಮಿಷ ಹಿಡಿಯುತ್ತಿತ್ತು. ಅದು ಗಂಟೆಯೊಳಗೆ ಬಂದರೆ ಎರಡೂ ಕಡೆ ಮುಂದಿನ ಊರಿಗೆ ಒಯ್ಯುವ ಕೊಂಡಿ ಗಾಡಿಗಳು ಸಿಗುತ್ತವೆ. ಅದಕ್ಕಾಗಿಯೇ ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿ 2004ರ ಡಿಸೆಂಬರಿನಲ್ಲಿ ಆ ಓಟವನ್ನು 56 ನಿಮಿಷಕ್ಕೆ ಇಳಿಸಿದರು. ಇನ್ನೂ ವೇಗ ಹೆಚ್ಚಿಸುವುದಕ್ಕೆ ಹಣ ಸುರಿಯಲಿಲ್ಲ. ಗಾಡಿ ಇಳಿದರೆ ಎದುರು ಪ್ಲಾಟ್‌ಫಾರಂನಲ್ಲಿ ಮುಂದಿನ ಗಾಡಿ, ಹೊರಗೆ ಹಳದಿ ಬಣ್ಣದ ಅಂಚೆ ಬಸ್ಸು. ಬೆಟ್ಟದ ಹಳ್ಳಿಯವರಿಗೂ ಇದೇ ಅನುಕೂಲ.

ಇದನ್ನು ಅರಸೀಕೆರೆಗೆ ಅನ್ವಯಿಸಿ ನೋಡಿ. ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗಕ್ಕೆ ಅಲ್ಲಿ ಮೈಸೂರು–ಹಾಸನದ ಹಳಿ ಬಂದು ಕೂಡುತ್ತದೆ. ಸ್ವಲ್ಪ ಮುಂದೆ ಕಡೂರಿನಲ್ಲಿ ಚಿಕ್ಕಮಗಳೂರಿನ ಹಳಿ ಕವಲೊಡೆಯುತ್ತದೆ, ಅದರ ಪಕ್ಕದ ಬೀರೂರಿನಲ್ಲಿ ಶಿವಮೊಗ್ಗ–ತಾಳಗುಪ್ಪದ ಹಳಿ. ಮುಖ್ಯ ಮಾರ್ಗಕ್ಕೆ ವಿದ್ಯುತ್ ಬಂದಿದೆ. ಬೆಂಗಳೂರು ಮತ್ತು ಹುಬ್ಬಳ್ಳಿ ಎರಡೂ ತುದಿಗಳಿಂದ ಎರಡೆರಡು ಗಂಟೆಗೊಂದು ಹಗಲು ಗಾಡಿ ಬಿಡಿ. ಅವು ಅರಸೀಕೆರೆಗೆ ಬರುವ ಹೊತ್ತಿಗೆ ಹಾಸನದ ಗಾಡಿ, ಕಡೂರಿಗೆ ಬರುವ ಹೊತ್ತಿಗೆ ಚಿಕ್ಕಮಗಳೂರಿನ ಗಾಡಿ, ಬೀರೂರಿಗೆ ಬರುವ ಹೊತ್ತಿಗೆ ಶಿವಮೊಗ್ಗದ ಗಾಡಿ ಎಂಜಿನ್ ಹಚ್ಚಿಕೊಂಡು ನಿಂತಿರಲಿ. ಬಯಲುಸೀಮೆ, ಮಲೆನಾಡು, ಹಳೇ ಮೈಸೂರು ಮೂರೂ ಹೊಸ ಹಳಿಯ ಹಂಗಿಲ್ಲದೆ ಒಂದಕ್ಕೊಂದು ಹತ್ತಿರವಾಗುತ್ತವೆ.

ಮುಖ್ಯ ಗಾಡಿಯೇ ತಡವಾದರೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಭಾರತದಿಂದ ಎರಡು ರಾತ್ರಿ ಓಡಿ ಬರುವ ಗಾಡಿಯನ್ನು ನಂಬಿ ಕೊಂಡಿ ಕಟ್ಟಬಾರದು. ರಾಜ್ಯದೊಳಗೇ ಹುಟ್ಟಿ ರಾಜ್ಯದೊಳಗೇ ಮುಗಿಯುವ ಗಾಡಿಗಳ ಮೇಲೆ ಕಟ್ಟಬೇಕು. ಇಷ್ಟು ನಿಮಿಷ ಕಾಯಲೇಬೇಕು ಎಂಬ ಲಿಖಿತ ನಿಯಮ ಕಂಟ್ರೋಲ್ ರೂಮಿನ ಗೋಡೆಯ ಮೇಲಿರಬೇಕು. ಇವತ್ತು ಕವಲು ಗಾಡಿ ಕಾಯುವುದೂ ಬಿಡುವುದೂ ಆ ಹೊತ್ತಿನ ಅಧಿಕಾರಿಯ ಮರ್ಜಿ. ಇದು ಸರಿಯಲ್ಲ.

ವೇಗವನ್ನು ಹೆಚ್ಚಿಸಲಾಗದ ಕಡೆಯಂತೂ ಉಳಿಸಬಹುದಾದ ಸಮಯವೆಲ್ಲ ಕಾಯುವುದರಲ್ಲೇ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಾಟಿ, 57 ಸುರಂಗ, ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ಅಲ್ಲಿ ಗಾಡಿ ಮೆಲ್ಲನೆಯೇ ಹೋಗಬೇಕು, ಹೋಗಲಿ. ಆದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವ ನೆಟ್ಟಣದಲ್ಲಿ ಇಳಿದವರನ್ನು ನೋಡಿದ್ದೀರಾ? ಆಶ್ಲೇಷಾ ಬಲಿ ಮಾಡಿಸಲು ಬಂದ ಸಂಸಾರ. ಅಜ್ಜಿಯ ಕೈಯನ್ನು ಮೊಮ್ಮಗ ಹಿಡಿದಿದ್ದಾನೆ, ಸೊಸೆಯ ಕಂಕುಳಲ್ಲಿ ಮಗು, ಮಗನ ಎರಡೂ ಕೈಯಲ್ಲಿ ಚೀಲ. ಕುಕ್ಕೆಗೆ ಇನ್ನೂ ಸುಮಾರು 12 ಕಿ.ಮೀ. ಹೊರಗೆ ಜೀಪಿನವರು ಕೂಗುತ್ತಾರೆ, ಸೀಟು ತುಂಬುವ ತನಕ ಹೊರಡುವುದಿಲ್ಲ. ಘಾಟಿಯಲ್ಲಿ ಹತ್ತು ನಿಮಿಷ ಉಳಿಸಲು ಕೋಟಿಗಟ್ಟಲೆ ಹಣ ಬೇಕು. ನಿಲ್ದಾಣದ ಬಾಗಿಲಲ್ಲಿ ಅರ್ಧ ಗಂಟೆ ಉಳಿಸಲು ಒಂದು ಬಸ್ಸು ಸಾಕು. ಮಂಗಳೂರಿನಿಂದ ಕಬಕ ಪುತ್ತೂರಿನ ತನಕ ಮಾತ್ರ ಬರುತ್ತಿದ್ದ ಪ್ಯಾಸೆಂಜರ್ 2025ರಲ್ಲಿ ಸುಬ್ರಹ್ಮಣ್ಯ ರೋಡ್‌ವರೆಗೆ ವಿಸ್ತರಣೆಯಾಯಿತು. ನನ್ನ ದೃಷ್ಟಿಯಲ್ಲಿ ಅದು ಯಾವ ವಂದೇ ಭಾರತ್‌ಗೂ ಕಡಿಮೆಯಿಲ್ಲದ ಸುದ್ದಿ.

ಕೊಂಕಣ ರೈಲು 1998ರಲ್ಲಿ ಬಂದಾಗ ನಿಲ್ದಾಣಗಳು ಊರಿನಿಂದ ದೂರ ಬಿದ್ದವು. ಉಡುಪಿಯದು ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಹೊತ್ತು ಮುಳುಗಿದ ಮೇಲೆ ಮೂಡ್ಲಕಟ್ಟೆಯಲ್ಲಿ ಇಳಿದ ಮುದುಕಿ “ಬಸ್ ಇತ್ತಾ ಮಗಾ?” ಎಂದು ಕೇಳಿದರೆ “ಇಲ್ಲೆ ಅಮ್ಮ, ರಿಕ್ಷಾದಗೇ ಹೋಯ್ಕ್” ಎಂಬ ಉತ್ತರ ಸಿಗುತ್ತದೆ. ರೈಲಿನ ಟಿಕೆಟ್ಟಿಗಿಂತ ರಿಕ್ಷಾ ಬಾಡಿಗೆಯೇ ಹೆಚ್ಚಾದರೆ ಬಡವರ ಪಾಲಿಗೆ ಆ ರೈಲು ಇದ್ದೂ ಇಲ್ಲದಂತೆ. 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಣ್ಣುಮಕ್ಕಳು ಟಿಕೆಟ್ಟಿಗೆ ಹಣ ಕೊಡಬೇಕಿಲ್ಲ; ನಿಲ್ದಾಣಕ್ಕೆ ಅಂಥ ಬಸ್ಸೊಂದು ಬಂದರೆ ಅವರ ಕೊಂಡಿ ಪ್ರಯಾಣ ಪುಕ್ಕಟೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಕರಾವಳಿಯಲ್ಲಿ ಇದಕ್ಕೆ ಪ್ರತ್ಯೇಕ ಮನಸ್ಸು ಮಾಡಬೇಕಾಗುತ್ತದೆ.

ದರದ ಮಾತನ್ನೂ ಇಲ್ಲಿ ಹೇಳಬೇಕು. ಕೊರೋನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದದ್ದು ಎಕ್ಸ್‌ಪ್ರೆಸ್ ದರದಲ್ಲಿ. ಹತ್ತು ರೂಪಾಯಿಯಿದ್ದ ಕನಿಷ್ಠ ಟಿಕೆಟ್ ಮೂವತ್ತಾಯಿತು, ಹಳೆಯ ದರ ಬಂದದ್ದು 2024ರಲ್ಲಿ. ಆ ಅವಧಿಯಲ್ಲಿ ದಿನಗೂಲಿಯವರು, ಹೂವು ತರಕಾರಿ ಮಾರುವವರು ಅನುಭವಿಸಿದ್ದು ಸಣ್ಣ ಕಷ್ಟವಲ್ಲ. ಇಂಥ ಸಣ್ಣ ಓಟದ ಗಾಡಿಗಳೇ ಕೊಂಡಿಯ ಜೀವ. ಅವುಗಳ ದರಕ್ಕೆ ಇನ್ನೊಮ್ಮೆ ಕೈ ಹಾಕಬಾರದು.

ಕೊಂಡಿ ತಪ್ಪುವುದು ನಗರದಲ್ಲೂ ಉಂಟು. ಬೆಂಗಳೂರಿನ ಬೈಯಪ್ಪನಹಳ್ಳಿಗೆ ಮೆಟ್ರೋ ಬಂದದ್ದು 2011ರಲ್ಲಿ, ಅಲ್ಲಿಯ ಸರ್ ಎಂ. ವಿಶ್ವೇಶ್ವರಯ್ಯ ರೈಲು ಟರ್ಮಿನಲ್ ತೆರೆದದ್ದು 2022ರಲ್ಲಿ. ನಡುವೆ ಹನ್ನೊಂದು ವರ್ಷ ಇದ್ದರೂ, ಟರ್ಮಿನಲ್ ತೆರೆದ ದಿನ ಎರಡನ್ನೂ ಸೇರಿಸುವ ನೇರ ಕಾಲುದಾರಿ ಸಿದ್ಧವಿರಲಿಲ್ಲ. ಬೆಂಗಳೂರಿಗೆ ಬರಲಿರುವ 148 ಕಿ.ಮೀ. ಉಪನಗರ ರೈಲಿನಲ್ಲಿ ಇದು ಮರುಕಳಿಸದಿರಲಿ. ಹುಬ್ಬಳ್ಳಿಯಲ್ಲಾದರೆ ರೈಲು ನಿಲ್ದಾಣದ ಹತ್ತಿರವೇ ಚಿಗರಿ ಬಸ್ಸಿನ ನಿಲ್ದಾಣವಿದೆ. ಇಳಿದವರು ಧಾರವಾಡಕ್ಕೆ ಹೋಗಲು ಯಾರನ್ನೂ ದಾರಿ ಕೇಳಬೇಕಿಲ್ಲ. ಬೇಕೆಂದರೆ ನಮ್ಮವರಿಗೂ ಆಗುತ್ತದೆ.

ಇನ್ನು ಇದನ್ನು ಮಾಡಿಸಬೇಕಾದವರು ಯಾರು? ಮಂಗಳೂರನ್ನೇ ತೆಗೆದುಕೊಳ್ಳಿ. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು. ಪಡೀಲು ದಾಟಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದಾಚೆ ಕೊಂಕಣ ರೈಲ್ವೆ. ಬಸ್ಸು ಇನ್ನೊಬ್ಬರದು. ನಾಲ್ವರೂ ಒಂದು ಮೇಜಿನ ಸುತ್ತ ಕೂರದೆ ವೇಳಾಪಟ್ಟಿ ಹೊಂದುವುದಿಲ್ಲ. ಹೊಸ ಮಾರ್ಗಗಳಿಗೆ ಜಮೀನು ಕೊಟ್ಟು, ಎಷ್ಟೋ ಯೋಜನೆಗಳಲ್ಲಿ ಅರ್ಧ ವೆಚ್ಚವನ್ನೂ ಭರಿಸುತ್ತಿರುವ ರಾಜ್ಯ ಸರ್ಕಾರಕ್ಕೆ ಆ ಸಭೆ ಕರೆಯುವ ಹಕ್ಕಿದೆ. ಪ್ರತಿ ರೈಲ್ವೆ ವಿಭಾಗದಲ್ಲೂ ಬಳಕೆದಾರರ ಸಲಹಾ ಸಮಿತಿ ಇದೆ. ಸಭಿಕರಲ್ಲಿ ಅದರ ಸದಸ್ಯರಿದ್ದರೆ ಅವರಲ್ಲಿ ನನ್ನ ಕೋರಿಕೆ: ಮುಂದಿನ ಸಭೆಯಲ್ಲಿ ಹೊಸ ರೈಲಿನ ಬೇಡಿಕೆಯ ಜೊತೆಗೆ ನಿಮ್ಮ ಜಂಕ್ಷನ್‌ನಲ್ಲಿ ದಿನವೂ ತಪ್ಪುತ್ತಿರುವ ಕೊಂಡಿ ಗಾಡಿಗಳ ಪಟ್ಟಿಯನ್ನೂ ಇಡಿ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಯಾವುದು ಎಷ್ಟು ನಿಮಿಷ ಮೊದಲು ಹೊರಟುಹೋಯಿತು, ಎಷ್ಟು ಜನ ಪ್ಲಾಟ್‌ಫಾರಂನಲ್ಲಿ ಉಳಿದರು ಎಂದು ಬರೆದು ಕೊಡಿ. ಬಸ್ ಡಿಪೋ ಮ್ಯಾನೇಜರರನ್ನೂ ಆ ಸಭೆಗೆ ಕರೆಯಿರಿ.